ಸೈಟಿನ ಕಾಗದ ಮುಚ್ಚಿಡಬೇಡಿ ತಂಗೀ

ಪ್ರಶ್ನೆ: ಅಕ್ಕನಿಗೆ ನಮಸ್ಕಾರ. ನಾವು ದಾವಣಗೆರೆ ನಿಟುವಳ್ಳಿಯವರು. ನಮ್ಮ ಯಜಮಾನರು ಹತ್ತಿ ಗಿರಣಿಯಲ್ಲಿದ್ದರು, ತೀರಿಕೊಂಡು ಆರು ವರ್ಷವಾಯಿತು. ಒಬ್ಬ ಮಗ, ಒಬ್ಬಳು ಮಗಳು. ಮಗ ಹದಿನಾಲ್ಕು ವರ್ಷದಿಂದ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ಗ್ರೀನ್ ಕಾರ್ಡ್ ಇದೆ, ಸಿಟಿಜನ್ ಆಗಿಲ್ಲ. ಒಂದು ಲ್ಯಾಬಿನಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದ. ಮಾಡದ ಟೆಸ್ಟುಗಳಿಗೆ ಸರ್ಕಾರಿ ವಿಮೆಯಿಂದ ದುಡ್ಡು ತೆಗೆದರು ಅಂತ ಕೇಸಾಯಿತು. ಹೋದ ತಿಂಗಳು ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡ. ಶಿಕ್ಷೆ ಹೇಳುವ ದಿನಕ್ಕೆ ಇನ್ನೂ ಮೂರು ತಿಂಗಳಿದೆ. ಈಗ ಮನೆಯಲ್ಲೇ ಇದ್ದಾನೆ. ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡಿದ್ದಾರೆ.

ಶಾಮನೂರು ಕಡೆ ಅವನ ಹೆಸರಲ್ಲಿ ಒಂದು ಸೈಟಿದೆ. ಅವನ ಪರವಾಗಿ ವ್ಯವಹಾರ ಮಾಡುವ ಜಿಪಿಎ ನನ್ನ ಹೆಸರಿಗಿದೆ. "ಅಮೆರಿಕದವರು ಕಿತ್ತುಕೊಳ್ಳುವ ಮೊದಲು ಮಗಳ ಹೆಸರಿಗೆ ದಾನಪತ್ರ ಮಾಡಿಸಿಬಿಡಿ" ಅಂತ ನನ್ನ ಮೈದುನ ದಿನಾ ಹೇಳುತ್ತಾರೆ. ಜಡ್ಜಿಗೆ ಊರಿನಿಂದ ಪತ್ರ ಬರೆಸಿ ಅಂತ ಲಾಯರ್ ಕೇಳಿದ್ದಾರಂತೆ. ಎಮ್ಮೆಲ್ಲೆ ಹತ್ತಿರ ಹೋಗಲಾ, ಮಠಕ್ಕೆ ಹೋಗಲಾ? ಆಗಸ್ಟ್ 15ಕ್ಕೆ ಇಲ್ಲಿ ಬಿಡುವ ಹಾಗೆ ಅಲ್ಲಿಯೂ ಸನ್ನಡತೆ ಮೇಲೆ ಬಿಡುತ್ತಾರಾ? ನಾವು ಲಿಂಗಾಯತರು, ಅವನು ಮೊಟ್ಟೆ ಕೂಡ ಮುಟ್ಟುವುದಿಲ್ಲ. ಕೊರಳಲ್ಲಿ ಲಿಂಗ ಇರುತ್ತದೆ, ಅದನ್ನು ಬಿಡುತ್ತಾರಾ? ಏಳು ವರ್ಷದ ಮೊಮ್ಮಗಳಿಗೆ ಏನು ಹೇಳುವುದು? ನನಗೆ ಹತ್ತು ವರ್ಷದ ವೀಸಾ ಇನ್ನೂ ಇದೆ, ಹೋಗಲಾ ಬೇಡವಾ? ರಾತ್ರಿ ನಿದ್ದೆ ಬರುತ್ತಿಲ್ಲ.
ಒಬ್ಬ ತಾಯಿ, ದಾವಣಗೆರೆ

ಉತ್ತರ: ತಂಗೀ, ದಾನಪತ್ರ ಮಾಡಿಸಬೇಡಿ. ನಾಳೆ ಮೈದುನ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರೆದರೆ ಹೋಗಬೇಡಿ. ಉಳಿದ ಮಾತು ಆಮೇಲೆ.

ನಾನು ಇದನ್ನು ಓದಿ ಕಲಿತವಳಲ್ಲ. ಚಿತ್ರದುರ್ಗದ ಕೋರ್ಟಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದೆ, ಬೆಂಚ್ ಕ್ಲರ್ಕ್ ಆಗಿ ರಿಟೈರ್ ಆದೆ. ಇಲ್ಲಿನ ಕಾನೂನು ಗೊತ್ತಿತ್ತು. 2014ರಲ್ಲಿ ನನ್ನ ತಮ್ಮನಿಗೆ ಅಮೆರಿಕದ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕೋರ್ಟಿನಲ್ಲಿ 41 ತಿಂಗಳು ಶಿಕ್ಷೆಯಾಯಿತು. ಅವನದೂ ದುಡ್ಡಿನ ಕೇಸೇ. ಶಿಕ್ಷೆ ಹೇಳುವ ಮೊದಲೇ ಹೋಗಿ ಅವನ ಹೆಂಡತಿ, ಮಗಳ ಜೊತೆ ಐದೂವರೆ ತಿಂಗಳು ಇದ್ದೆ. ನನಗೆ ಗೊತ್ತಿದ್ದ ಕೋರ್ಟಿನ ಲೆಕ್ಕ ಅಲ್ಲಿ ಒಂದೂ ನಡೆಯಲಿಲ್ಲ.

ನಮ್ಮಲ್ಲಿ ಶಿಕ್ಷೆಯಾದರೆ ಅಪೀಲು ಹಾಕುತ್ತೇವೆ. ಶಿಕ್ಷೆ ಅಮಾನತಾಗುತ್ತದೆ, ಜಾಮೀನು ಸಿಗುತ್ತದೆ, ವರ್ಷಗಟ್ಟಲೆ ಕೇಸು ಎಳೆಯುತ್ತದೆ. ಅಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜನ ತಪ್ಪು ಒಪ್ಪಿಕೊಂಡೇ ಕೇಸು ಮುಗಿಸುತ್ತಾರೆ. ಒಪ್ಪಿಕೊಳ್ಳುವಾಗ ಸಹಿ ಹಾಕುವ ಒಪ್ಪಂದದಲ್ಲಿ ಅಪೀಲಿನ ಹಕ್ಕು ಬಿಟ್ಟುಕೊಟ್ಟಿರುವುದೇ ಹೆಚ್ಚು. ಹಕ್ಕು ಉಳಿದಿದ್ದರೂ ಅಪೀಲಿನ ನೋಟಿಸ್ ಕೊಡಲು ತೀರ್ಪು ದಾಖಲಾದ ಮೇಲೆ 14 ದಿನ ಮಾತ್ರ. ಹಾಗಾಗಿ ನಿಮ್ಮ ಮಗನ ಕೈಯಲ್ಲಿ ನಿಜವಾಗಿ ಉಳಿದಿರುವುದು ಈ ಮೂರು ತಿಂಗಳು.

ಈ ಮೂರು ತಿಂಗಳಲ್ಲಿ ಒಂದು ಕಾಗದ ತಯಾರಾಗುತ್ತದೆ. ಪ್ರೀ-ಸೆಂಟೆನ್ಸ್ ರಿಪೋರ್ಟ್ ಅಂತ ಅದರ ಹೆಸರು, ಎಲ್ಲರೂ ಪಿಎಸ್‌ಆರ್ ಅನ್ನುತ್ತಾರೆ. ಬರೆಯುವವರು ಕೋರ್ಟಿನ ಪ್ರೊಬೇಷನ್ ಆಫೀಸರ್. ಅವರು ನಿಮ್ಮ ಮಗನನ್ನು ಕೂರಿಸಿಕೊಂಡು ಹುಟ್ಟಿದ ಊರು, ಓದು, ಕಾಯಿಲೆ, ಕುಡಿತ, ಸಾಲ, ಆಸ್ತಿ, ಎಲ್ಲ ಕೇಳುತ್ತಾರೆ. ಆಗ ಲಾಯರ್ ಪಕ್ಕದಲ್ಲಿರಲೇಬೇಕು. ಆಮೇಲೆ ಮನೆಯವರನ್ನೂ ಮಾತಾಡಿಸಬಹುದು, ನಿಮಗೇ ಫೋನ್ ಬಂದರೂ ಗಾಬರಿಯಾಗಬೇಡಿ. ಶಿಕ್ಷೆಯ ದಿನಕ್ಕೆ ಕನಿಷ್ಠ 35 ದಿನ ಮೊದಲು ಈ ರಿಪೋರ್ಟ್ ಲಾಯರ್ ಕೈಗೆ ಬರಬೇಕು. ತಪ್ಪಿದ್ದರೆ 14 ದಿನದೊಳಗೆ ಬರೆದು ತಿಳಿಸಬೇಕು. ಶಿಕ್ಷೆಗೆ ಏಳು ದಿನ ಮೊದಲು ಅಂತಿಮ ಪ್ರತಿ ಜಡ್ಜಿಗೆ ಹೋಗುತ್ತದೆ. ಈ ತಾರೀಖುಗಳನ್ನು ಸೊಸೆ ಕ್ಯಾಲೆಂಡರಿನಲ್ಲಿ ಬರೆದಿಡಲಿ.

ಜಡ್ಜಿಗಷ್ಟೇ ಅಲ್ಲ, ಜೈಲಿಗೂ ಅದೇ ಕಾಗದ. ಯಾವ ಜೈಲು, ಯಾವ ಔಷಧಿ, ಯಾವ ತರಗತಿಗೆ ಸೇರಿಸಬಹುದು, ಎಲ್ಲದಕ್ಕೂ ಪಿಎಸ್‌ಆರ್ ನೋಡುತ್ತಾರೆ. ಅದರಲ್ಲಿಲ್ಲದ ಕಾಯಿಲೆಯನ್ನು ಆಮೇಲೆ ಒಪ್ಪಿಸುವುದು ತುಂಬಾ ಕಷ್ಟ.

ನನ್ನ ತಮ್ಮ ಅಲ್ಲಿ ತಪ್ಪು ಮಾಡಿದ. ಕೇಸು ಶುರುವಾದ ಮೇಲೆ ಅವನು ದಿನಾ ರಾತ್ರಿ ಕುಡಿಯುತ್ತಿದ್ದ. ಆಫೀಸರ್ ಕೇಳಿದಾಗ "ಅಪರೂಪಕ್ಕೆ" ಅಂದುಬಿಟ್ಟ. ನಾಚಿಕೆ. ಅಪ್ಪ ವಿಭೂತಿ ಹಚ್ಚಿಕೊಂಡೇ ಬಾಗಿಲು ದಾಟುತ್ತಿದ್ದ ಮನೆ ನಮ್ಮದು. ಕುಡಿತದ ಮಾತು ಕಾಗದಕ್ಕೆ ಹತ್ತಬಾರದು ಅಂತ ಅವನ ಆಸೆ. ಅಲ್ಲಿನ ಜೈಲುಗಳಲ್ಲಿ ವ್ಯಸನ ಬಿಡಿಸುವ 500 ಗಂಟೆಯ ಕಾರ್ಯಕ್ರಮ ಇದೆ. ಹಿಂಸೆಯ ಕೇಸಿಲ್ಲದವರು ಅದನ್ನು ಮುಗಿಸಿದರೆ ಶಿಕ್ಷೆಯಲ್ಲಿ ಒಂದು ವರ್ಷದವರೆಗೂ ಕಡಿಮೆಯಾಗಬಹುದು. ತಮ್ಮ ಅರ್ಜಿ ಹಾಕಿದ. ನಿನ್ನ ಪಿಎಸ್‌ಆರ್‌ನಲ್ಲಿ ಕುಡಿತದ ಸಮಸ್ಯೆಯೇ ಇಲ್ಲವಲ್ಲ ಅಂದರು. ಆ "ಅಪರೂಪಕ್ಕೆ" ಅನ್ನುವ ಒಂದು ಮಾತಿನ ಬೆಲೆ ನಮ್ಮ ಮನೆಗೆ ಗೊತ್ತು.

ಈಗ ಸೈಟು. ಪ್ರೊಬೇಷನ್ ಆಫೀಸರ್ ಒಂದು ಹಣಕಾಸಿನ ಫಾರಂ ಕೊಡುತ್ತಾರೆ. ಅದರಲ್ಲಿ ಎಲ್ಲ ಆಸ್ತಿ ಬರೆಯಬೇಕು. ಅಮೆರಿಕದ್ದು ಮಾತ್ರ ಅಂತ ಇಲ್ಲ, ಶಾಮನೂರಿನ ಸೈಟೂ ಬರಬೇಕು. ಈಚೆಗೆ ಯಾರಿಗಾದರೂ ಬರೆದುಕೊಟ್ಟಿದ್ದರೆ ಅದೂ ಬರಬೇಕು. ನಿಮ್ಮ ಮೈದುನ ಅಮೆರಿಕದವರಿಗೆ ಹೇಗೆ ಗೊತ್ತಾಗುತ್ತದೆ ಅನ್ನಬಹುದು. ನಮ್ಮ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇಸಿ, ಅಂದರೆ ಆಸ್ತಿಯ ಋಣಭಾರ ಪತ್ರ, ತೆಗೆದರೆ ದಾನಪತ್ರ ಯಾವ ತಾರೀಖಿಗೆ, ಯಾರಿಂದ ಯಾರಿಗೆ ಆಯಿತು ಅಂತ ಕಾಣುತ್ತದೆ. ತಪ್ಪೊಪ್ಪಿಕೊಂಡ ಮರುತಿಂಗಳು ತಾಯಿ ಜಿಪಿಎ ಮೇಲೆ ಅಕ್ಕತಂಗಿಗೆ ದಾನ ಕೊಟ್ಟರೆ ಅದರ ಅರ್ಥ ಯಾರಾದರೂ ಹೇಳಬಲ್ಲರು.

ಇದರಿಂದ ಎಷ್ಟು ನಷ್ಟ ಅಂತ ಲೆಕ್ಕ ಹೇಳುತ್ತೇನೆ. ಅಲ್ಲಿ ಶಿಕ್ಷೆಗೆ ಒಂದು ಪಟ್ಟಿ ಇದೆ. ಅಪರಾಧಕ್ಕೆ ಅಂಕ ಹಾಕುತ್ತಾರೆ. ದುಡ್ಡಿನ ಕೇಸಿನಲ್ಲಿ ಎಷ್ಟು ನಷ್ಟ ಮಾಡಿದರು ಅನ್ನುವುದೇ ಅಂಕವನ್ನು ಮೇಲಕ್ಕೆ ಒಯ್ಯುವುದು. ಉದಾಹರಣೆಗೆ 20 ಅಂಕ ಬಂತು ಅಂದುಕೊಳ್ಳಿ. ತಪ್ಪನ್ನು ಮನಸಾರೆ ಒಪ್ಪಿಕೊಂಡಿದ್ದಕ್ಕೆ ಮೂರು ಕಳೆಯುತ್ತಾರೆ, 17 ಆಗುತ್ತದೆ. ಹಿಂದೆ ಯಾವ ಕೇಸೂ ಇಲ್ಲದವನಿಗೆ ಅದು 24ರಿಂದ 30 ತಿಂಗಳು. ಆಸ್ತಿ ಬಚ್ಚಿಟ್ಟದ್ದು ಗೊತ್ತಾದರೆ ಆ ಮೂರು ಸಾಮಾನ್ಯವಾಗಿ ಕಳೆಯುವುದಿಲ್ಲ, ನ್ಯಾಯಕ್ಕೆ ಅಡ್ಡಿ ಮಾಡಿದ ಅಂತ ಎರಡು ಕೂಡಿಸಬಹುದು. ಆಗ 22. ಅಂದರೆ 41ರಿಂದ 51 ತಿಂಗಳು. 2005ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಜಡ್ಜ್ ಈ ಪಟ್ಟಿಗೇ ಅಂಟಿಕೊಳ್ಳಬೇಕಿಲ್ಲ. ಆದರೂ ಎಣಿಕೆ ಶುರುವಾಗುವುದು ಅಲ್ಲಿಂದಲೇ. ಒಂದು ಸೈಟಿಗಾಗಿ ಒಂದೂವರೆ ವರ್ಷ ಜಾಸ್ತಿ, ನಿಮ್ಮ ಸಹಿಯಿಂದ. ಇದನ್ನು ಮೈದುನರಿಗೆ ಓದಿ ಹೇಳಿ. ಅವರು ಕೆಟ್ಟದ್ದು ಬಯಸಿ ಹೇಳುತ್ತಿಲ್ಲ ಅಂತ ನನಗೆ ಗೊತ್ತು.

ಹಾಗಾದರೆ ಏನು ಮಾಡುವುದು? ಕ್ರಯಪತ್ರ, ಇಸಿ, ಕಂದಾಯದ ರಸೀದಿ, ಜಿಪಿಎ, ನಾಲ್ಕನ್ನೂ ಜೆರಾಕ್ಸ್ ಮಾಡಿಸಿ ಸ್ಕ್ಯಾನ್ ಕಳಿಸಿ. ಈಗಿನ ಬೆಲೆ ಎಷ್ಟು ಅಂತ ಒಬ್ಬ ವ್ಯಾಲ್ಯುಯರ್ ಹತ್ತಿರ ಬರೆಸಿ. ಇಂಥ ಕೇಸುಗಳಲ್ಲಿ ಕಳೆದುಕೊಂಡವರಿಗೆ ದುಡ್ಡು ವಾಪಸ್ ಕಟ್ಟಲೇಬೇಕು, ಅದು ಹೇಗೂ ಬಿಡುವುದಿಲ್ಲ. ಶಿಕ್ಷೆಗೆ ಮೊದಲೇ ಸ್ವಲ್ಪವಾದರೂ ಕಟ್ಟಿದರೆ ಜಡ್ಜ್ ಮುಂದೆ ಹೇಳಲು ಲಾಯರ್‌ಗೆ ಒಂದು ಗಟ್ಟಿ ಮಾತು ಸಿಗುತ್ತದೆ. ಲಾಯರ್ ಸರಿ ಅಂದರೆ ಸೈಟನ್ನು ನ್ಯಾಯವಾದ ಬೆಲೆಗೆ, ಪೂರ್ತಿ ಚೆಕ್ಕಿನಲ್ಲಿ ಮಾರಿ. ಅರ್ಧ ಕ್ಯಾಶ್ ಕೊಡುತ್ತೇನೆ ಅನ್ನುವವರಿಗೆ ಬೇಡ ಅನ್ನಿ. ದುಡ್ಡು ಅವನ ಎನ್‌ಆರ್‌ಒ ಖಾತೆಗೆ, ಅಂದರೆ ವಿದೇಶದಲ್ಲಿರುವವರು ಇಲ್ಲಿನ ಬ್ಯಾಂಕಿನಲ್ಲಿ ಇಡುವ ಖಾತೆಗೆ, ಬರಬೇಕು. ಅಲ್ಲಿಂದ ಹೊರಗೆ ಕಳಿಸಲು ಸಿಎ ಬೇಕು. ಮಗಳಿಗೆ ಅನ್ಯಾಯ ಆಯಿತು ಅನ್ನಿಸಬಹುದು. ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿ, ಅವಳಿಗೆ ಅರ್ಥವಾಗುತ್ತದೆ.

ಪತ್ರಗಳ ವಿಷಯ. ಎಮ್ಮೆಲ್ಲೆ ಹತ್ತಿರ ಹೋಗಬೇಡಿ. ಲೆಟರ್‌ಹೆಡ್ ನೋಡಿ ಅಲ್ಲಿನ ಜಡ್ಜ್ ಮಣಿಯುವುದಿಲ್ಲ. ಸುಮ್ನೆ ಯಾರೋ ಪ್ರಭಾವ ಹಾಕಿಸುತ್ತಿದ್ದಾರೆ ಅನ್ನಿಸಿದರೆ ಕೆಟ್ಟದ್ದೇ. ಮಠದ ಸ್ವಾಮಿಗಳಿಗೆ ಮಗ ಚಿಕ್ಕಂದಿನಿಂದ ಗೊತ್ತಿದ್ದರೆ ಸರಿ, ಇಲ್ಲದಿದ್ದರೆ ಬೇಡ. ಅವನನ್ನು ಕಣ್ಣಾರೆ ಕಂಡವರು ಬರೆಯಲಿ. ಯಜಮಾನರು ಆಸ್ಪತ್ರೆಯಲ್ಲಿದ್ದಾಗ ಅವನು ರಜೆ ಹಾಕಿ ಬಂದು ಎಷ್ಟು ದಿನ ಮಂಚದ ಪಕ್ಕ ಮಲಗಿದ್ದ? ನೋಡಿದ ಪಕ್ಕದ ಮನೆಯವರಿಲ್ಲವಾ? ಹೈಸ್ಕೂಲ್ ಮೇಷ್ಟ್ರಿಲ್ಲವಾ? ನಮ್ಮ ಕೇಸಿನಲ್ಲಿ ಹದಿನೇಳು ಪತ್ರ ಹೋದವು. ಒಂದು, ನಮ್ಮ ಬೀದಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಮಾರುವ ಹೆಂಗಸಿನದು. ತಮ್ಮ ಅವರ ಮಗಳ ನರ್ಸಿಂಗ್ ಫೀಸನ್ನು ಮೂರು ವರ್ಷ ಕಟ್ಟಿದ್ದ, ನಮಗ್ಯಾರಿಗೂ ಹೇಳಿರಲಿಲ್ಲ. ಅವರು ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಶಿಕ್ಷೆಯ ದಿನ ಜಡ್ಜ್ ಹೆಸರಿಟ್ಟು ಹೇಳಿದ್ದು ಆ ಪತ್ರವನ್ನು ಮಾತ್ರ.

ಒಂದು ಎಚ್ಚರಿಕೆ. "ನನ್ನ ಮಗ ಅಂಥವನಲ್ಲ, ಯಾರೋ ಸಿಕ್ಕಿಹಾಕಿಸಿದ್ದಾರೆ" ಅಂತ ಯಾರೂ ಬರೆಯಬಾರದು. ಅವನು ತಪ್ಪು ಮಾಡಿದೆ ಅಂತ ಕೋರ್ಟಿನಲ್ಲಿ ಹೇಳಿದ್ದಾನೆ. ತಾಯಿ ಅಲ್ಲ ಅಂದರೆ ಮಗ ಮನೆಯಲ್ಲಿ ಬೇರೆ ಹೇಳಿದ್ದಾನೆ ಅಂತಾಗುತ್ತದೆ, ಆ ಮೂರು ಅಂಕಕ್ಕೇ ಕುತ್ತು. "ಅವನು ಮಾಡಿದ್ದನ್ನು ನನಗೆ ಹೇಳಿದ್ದಾನೆ. ಕೇಳಿ ನನಗೆ ತುಂಬಾ ನೋವಾಯಿತು" ಅಂತ ಶುರುಮಾಡಿ. ಆಮೇಲೆ ನಿಮಗೆ ಗೊತ್ತಿರುವ ಮಗನ ಬಗ್ಗೆ ಬರೆಯಿರಿ. ಒಂದು ಪುಟ ಸಾಕು. ಕನ್ನಡದಲ್ಲೇ ನಿಮ್ಮ ಕೈಯಲ್ಲಿ ಬರೆಯಿರಿ. ಇಂಗ್ಲಿಷಿಗೆ ಮಾಡಿದವರು ಕೆಳಗೆ ತಮ್ಮ ಹೆಸರು, ಸಹಿ ಹಾಕಲಿ. ಎರಡೂ ಲಾಯರ್‌ಗೆ ಹೋಗಬೇಕು, ನೇರ ಜಡ್ಜಿಗೆ ಕಳಿಸಬಾರದು.

ಕೋರ್ಟಿನಲ್ಲಿ ಶಿಕ್ಷೆ ಹೇಳುವ ಮೊದಲು ನಿಮ್ಮ ಮಗನಿಗೂ ಮಾತಾಡುವ ಹಕ್ಕಿದೆ. ಎರಡು ಮೂರು ನಿಮಿಷ. ತನ್ನ ಕಷ್ಟ ಹೇಳಿಕೊಳ್ಳುವುದಕ್ಕಿಂತ ತನ್ನಿಂದ ಯಾರಿಗೆ ಏನಾಯಿತು ಅನ್ನುವುದನ್ನು ಮೊದಲು ಹೇಳಲಿ. ಮನೆಯಲ್ಲಿ ನಿಮ್ಮ ಮುಂದೆ ಒಂದೆರಡು ಸಲ ಹೇಳಿ ನೋಡಲಿ.

ಆಗಸ್ಟ್ 15ರ ಬಿಡುಗಡೆ ಅಲ್ಲಿಲ್ಲ ತಂಗೀ. ನಮ್ಮ ಪೇಪರಿನಲ್ಲಿ ಬರುವ ಪೆರೋಲ್, ಅಂದರೆ ಮದುವೆಗೋ ಸಾವಿಗೋ ರಜೆ ಕೊಡುವುದು, ಅದನ್ನೂ ನಂಬಿಕೊಳ್ಳಬೇಡಿ. ಅಲ್ಲಿ ಪೆರೋಲ್ ಅಂದರೆ ಅವಧಿಗೆ ಮೊದಲು ಷರತ್ತಿನ ಮೇಲೆ ಬಿಡುವುದು. 1987ರ ನವೆಂಬರ್ 1ರ ನಂತರದ ಫೆಡರಲ್ ಅಪರಾಧಗಳಿಗೆ ಅದು ಇಲ್ಲವೇ ಇಲ್ಲ. ಒಳ್ಳೆಯ ನಡತೆಗೆ ಶಿಕ್ಷೆಯ ಪ್ರತಿ ವರ್ಷಕ್ಕೆ 54 ದಿನದವರೆಗೆ ಕಳೆಯುತ್ತಾರೆ. 30 ತಿಂಗಳಾದರೆ 135 ದಿನ. ಸುಮಾರು ಇಪ್ಪತ್ತೈದೂವರೆ ತಿಂಗಳು ಇರಬೇಕಾಗುತ್ತದೆ ಅಂತಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಇನ್ನೊಂದು ಕಷ್ಟದ ಮಾತು ಹೇಳಲೇಬೇಕು. ನನ್ನ ತಮ್ಮ ಸಿಟಿಜನ್ ಆಗಿದ್ದ. ಅವನಿಗೆ ಪೆನ್ಸಿಲ್ವೇನಿಯಾದಲ್ಲಿ ಕ್ಯಾಂಪ್ ಅನ್ನುವ, ತೀರಾ ಕಡಿಮೆ ಕಾವಲಿನ ಜೈಲು ಸಿಕ್ಕಿತು, ಬೇಲಿಯೇ ಇರಲಿಲ್ಲ. ನಿಮ್ಮ ಮಗನಿಗೆ ಅದು ಸಿಗುವುದಿಲ್ಲ. ಗಡೀಪಾರು ಆಗಬಹುದಾದವರನ್ನು ಸಾಮಾನ್ಯವಾಗಿ ಕ್ಯಾಂಪಿಗೆ ಹಾಕುವುದಿಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ 'ಲೋ' ಅನ್ನುವ ಜೈಲಿಗೆ ಹಾಕುತ್ತಾರೆ. ಬೇಲಿ ಇರುತ್ತದೆ, ಒಳಗೆ ಹಾಸ್ಟೆಲಿನಂಥ ದೊಡ್ಡ ಕೋಣೆಗಳು. ವಂಚನೆಯ ಕೇಸಿನಲ್ಲಿ ನಷ್ಟ 10,000 ಡಾಲರ್ ದಾಟಿದರೆ ಗ್ರೀನ್ ಕಾರ್ಡ್ ಇದ್ದರೂ ದೇಶದಿಂದ ಕಳಿಸುವ ಅಪರಾಧ ಅದು. ಶಿಕ್ಷೆ ಮುಗಿದ ದಿನ ಮನೆಗೆ ಬರದೆ ವಲಸೆ ಇಲಾಖೆಯ ವಶಕ್ಕೆ ಹೋಗಬಹುದು, ಅಲ್ಲಿಂದ ಬೆಂಗಳೂರಿನ ವಿಮಾನ. ವ್ಯಸನ ಬಿಡಿಸುವ ಕಾರ್ಯಕ್ರಮದ ರಿಯಾಯಿತಿ ಅಂಥವರಿಗೆ ಸಿಗುವುದಿಲ್ಲ. 2018ರ ಕಾನೂನಿನಲ್ಲಿ ತರಗತಿಗಳಿಗೆ ಹೋಗಿ ಗಳಿಸುವ ದಿನಗಳಿವೆ. ಗಡೀಪಾರಿನ ಅಂತಿಮ ಆದೇಶ ಇರುವವರಿಗೆ ಅವೂ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ ವಲಸೆ ಕಾನೂನು ಗೊತ್ತಿರುವ ಇನ್ನೊಬ್ಬ ಲಾಯರ್ ಈಗಲೇ ಬೇಕು. ಕ್ರಿಮಿನಲ್ ಲಾಯರ್ ಕೂಡ ಈ ಪರಿಣಾಮ ಹೇಳಲೇಬೇಕು ಅಂತ 2010ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ. ಮಗನಿಗೆ ಯಾರಾದರೂ ಬಿಡಿಸಿ ಹೇಳಿದ್ದಾರಾ ಅಂತ ಕೇಳಿ. "ನನ್ನ ಫ್ರೆಂಡಿಗೆ ಹೀಗಾಯಿತು" ಅಂತ ಬರುವ ಸಲಹೆ ಸಿಟಿಜನ್‌ಗಳದ್ದೇ ಜಾಸ್ತಿ ಇರುತ್ತದೆ.

ಯಾವ ಜೈಲು ಅಂತ ಜಡ್ಜ್ ಶಿಫಾರಸು ಮಾಡಬಹುದು, ತೀರ್ಮಾನ ಜೈಲು ಇಲಾಖೆಯದು. ಮನೆಗೆ ಹತ್ತಿರದ್ದು ಬೇಕು ಅಂತ ಲಾಯರ್ ಆ ದಿನವೇ ಕೇಳಲಿ. ಕೆಲವು ವಾರ ಬಿಟ್ಟು ತಾನಾಗಿಯೇ ಹೋಗಿ ಶರಣಾಗಲು ಅವಕಾಶವನ್ನೂ ಕೇಳಬೇಕು. ಅದರೊಳಗೆ ಹಲ್ಲಿನ ಡಾಕ್ಟರ್ ಹತ್ತಿರ ಹೋಗಿಬರಲಿ. ಕನ್ನಡಕ ಹೊಸದು ಮಾಡಿಸಲಿ. ಮಾತ್ರೆಗಳ ಚೀಟಿ ಇಟ್ಟುಕೊಳ್ಳಲಿ. ಬ್ಯಾಂಕಿನ ಪಾಸ್‌ವರ್ಡ್, ಮನೆ ಸಾಲ, ಕಾರಿನ ವಿಮೆ ಎಲ್ಲ ಸೊಸೆಗೆ ಬರೆದುಕೊಡಲಿ. ಮತ್ತೆ, ನಿಮ್ಮ ನಂಬರ್ ಬಾಯಿಪಾಠ ಮಾಡಲಿ. ಮೊಬೈಲ್ ಒಳಗೆ ಬರುವುದಿಲ್ಲ, ನಮ್ಮ ಯಾರ ನಂಬರೂ ತಮ್ಮನಿಗೆ ನೆನಪಿರಲಿಲ್ಲ. ಮೊದಲ ಹನ್ನೊಂದು ದಿನ ನಾವು ಫೋನ್ ಮುಂದೆ ಕೂತಿದ್ದೆವು.

ಊಟಕ್ಕೆ ಮಧ್ಯಾಹ್ನ, ರಾತ್ರಿ ಮಾಂಸವಿಲ್ಲದ ಆಯ್ಕೆ ಇರುತ್ತದೆ. ಅನ್ನ, ಹುರುಳಿಯಂಥ ಕಾಳು, ಬ್ರೆಡ್ಡು. ರುಚಿ ಇಲ್ಲ, ಹಸಿವಿನಿಂದ ಇರುವುದಿಲ್ಲ. ಲಿಂಗದ ವಿಷಯ ಹೀಗೆ: ಕಲ್ಲಿಲ್ಲದ ಮದುವೆ ಉಂಗುರ, ಸಾದಾ ಧಾರ್ಮಿಕ ಪದಕದ ಸರ ಇಷ್ಟಕ್ಕೆ ಸಾಮಾನ್ಯವಾಗಿ ಬಿಡುತ್ತಾರೆ. ಬಾಗಿಲಲ್ಲಿ ನಿಂತಿರುವ ಕಾವಲುಗಾರನಿಗೆ ಇಷ್ಟಲಿಂಗ ಅಂದರೆ ಗೊತ್ತಿರುವುದಿಲ್ಲ. ಜೈಲಿನ ಚಾಪ್ಲೆನ್ ಅಂತ ಧರ್ಮದ ಅಧಿಕಾರಿ ಇರುತ್ತಾರೆ, ಅವರಿಗೆ ಲಾಯರ್ ಮೊದಲೇ ಪತ್ರ ಬರೆದು ಕೇಳಲಿ. ನನ್ನ ತಮ್ಮ ಬೆಳ್ಳಿ ಕರಡಿಗೆಯನ್ನು ಹೆಂಡತಿ ಕೈಗೆ ಕೊಟ್ಟು ಹೋದ. ಬೆಳಿಗ್ಗೆ ಬರಿ ಅಂಗೈ ನೋಡಿಕೊಂಡು ಕೂತು ಅಪ್ಪ ಕಲಿಸಿದ ವಚನ ಹೇಳಿಕೊಳ್ಳುತ್ತಿದ್ದನಂತೆ. ಅದನ್ನು ತಡೆಯುವವರು ಯಾರೂ ಇರಲಿಲ್ಲ.

ಫೋನ್ ಸಾಮಾನ್ಯವಾಗಿ ತಿಂಗಳಿಗೆ 300 ನಿಮಿಷ, ಒಂದು ಸಲಕ್ಕೆ ಹದಿನೈದು. ಅವನೇ ಮಾಡಬೇಕು, ನೀವು ಮಾಡಲು ಆಗುವುದಿಲ್ಲ. ಮೊದಲು ಇಂಗ್ಲಿಷಿನಲ್ಲಿ ರೆಕಾರ್ಡ್ ಮಾಡಿದ ದನಿ ಬರುತ್ತದೆ, ಮೋಸದ ಕರೆ ಅಂತ ಕಟ್ ಮಾಡಬೇಡಿ. ಅದು ಹೇಳಿದ ನಂಬರ್ ಒತ್ತಿ. ಮಾತೆಲ್ಲ ದಾಖಲಾಗುತ್ತದೆ, ಸೈಟು, ಕೇಸು ಎತ್ತಬೇಡಿ. ಮಗಳನ್ನೂ ಸೇರಿಸೋಣ ಅಂತ ಕಾನ್ಫರೆನ್ಸ್ ಹಾಕಬೇಡಿ, ಸಿಕ್ಕಿಬಿದ್ದರೆ ಅವನ ಫೋನೇ ನಿಲ್ಲಿಸುತ್ತಾರೆ.

ಮೊಮ್ಮಗಳ ಪ್ರಶ್ನೆ ಬರೆಯುವಾಗ ನನ್ನ ಕೈ ನಿಧಾನವಾಗುತ್ತದೆ. ತಮ್ಮನ ಮಗಳಿಗೆ ಆಗ ಎಂಟು ವರ್ಷ. ಅಪ್ಪ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಾನೆ ಅಂತ ನಾನೇ ಹೇಳಿದೆ. ನನ್ನದೇ ಸಲಹೆ ಅದು, ನಾದಿನಿ ಬೇಡ ಅಂದರೂ ಕೇಳಲಿಲ್ಲ. ಅಲ್ಲಿನ ಸರ್ಕಾರಿ ವಕೀಲರ ಕಚೇರಿ ಇಂಥ ಕೇಸುಗಳ ಬಗ್ಗೆ ಹೆಸರು ಸಮೇತ ಪ್ರಕಟಣೆ ಹಾಕುತ್ತದೆ. ಜೈಲು ಇಲಾಖೆಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹೆಸರು ಹುಡುಕಬಹುದು. ಮೂರನೇ ವಾರ ಶಾಲೆಯಲ್ಲಿ ಒಂದು ಹುಡುಗ ಹೇಳಿದ. ಮಗು ಮನೆಗೆ ಬಂದು ಬ್ಯಾಗ್ ಇಟ್ಟು ನನ್ನನ್ನೇ ನೋಡಿತು. "ದೊಡ್ಡತ್ತೆ, ನೀವು ಸುಳ್ಳು ಹೇಳಿದಿರಿ" ಅಂದಿತು. ಎರಡು ತಿಂಗಳು ಅಪ್ಪನ ಫೋನ್ ಬಂದರೆ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಆ ಹದಿನೈದು ನಿಮಿಷ ಅವನು ಆ ಕಡೆ ಕಾಯುತ್ತಿದ್ದ.

ನಿಮ್ಮ ಮೊಮ್ಮಗಳಿಗೆ ಅವಳ ಅಪ್ಪನೇ ಹೇಳಲಿ, ಹೋಗುವ ಮೊದಲು, ಪಕ್ಕದಲ್ಲಿ ಕೂರಿಸಿಕೊಂಡು. "ನಾನು ತಪ್ಪು ಮಾಡಿದೆ. ನನ್ನದಲ್ಲದ ದುಡ್ಡು ತೆಗೆದೆ. ಅದಕ್ಕೆ ಕೆಲವು ದಿನ ಬೇರೆ ಕಡೆ ಇರಬೇಕು. ನಿನ್ನಿಂದ ಏನೂ ಆಗಿಲ್ಲ." ಇಷ್ಟು ಸಾಕು. ಊರಿನವರಿಗೂ ಹೀಗೆಯೇ. ವಾಟ್ಸಾಪಿನಲ್ಲಿ ಬರುವ ಮೊದಲು ಹತ್ತಿರದ ನಾಲ್ಕು ಮನೆಗೆ ನೀವೇ ಹೋಗಿ ಹೇಳಿ. ಉಳಿದವರು ಕೇಳಿದರೆ ಹೌದು ಅನ್ನಿ, ಸಾಕು.

ವೀಸಾ ಇದೆ ಅಂದಿರಲ್ಲ, ಹೋಗಿ. ಅವನು ಊರಿಗೆ ಬರಲಾರ, ಆಮೇಲೆ ಜೈಲಿನ ಭೇಟಿಗೆ ಪಟ್ಟಿ, ಒಪ್ಪಿಗೆ ಎಲ್ಲ ಬೇಕು. ಈಗ ಅವನು ಮನೆಯಲ್ಲಿದ್ದಾನೆ. ಶಿಕ್ಷೆಯ ದಿನ ಕೋರ್ಟಿನಲ್ಲಿ ಸೊಸೆಯ ಪಕ್ಕ ಕೂತುಕೊಳ್ಳಿ. ಅವನು ಶರಣಾದ ಮೇಲೂ ಒಂದೆರಡು ತಿಂಗಳು ಮೊಮ್ಮಗಳ ಜೊತೆ ಇರಿ. ನಿತ್ಯ ತೆಗೆದುಕೊಳ್ಳುವ ಮಾತ್ರೆಗಳಿದ್ದರೆ ಅವನ್ನೂ ತೆಗೆದುಕೊಂಡು ಹೋಗಿ, ಡಾಕ್ಟರ್ ಚೀಟಿ ಸಮೇತ.

ಟಿಕೆಟ್ ಮಾಡಿಸುವ ಮೊದಲು ಸೈಟಿನ ನಾಲ್ಕು ಕಾಗದದ ಸ್ಕ್ಯಾನ್ ಲಾಯರ್‌ಗೆ ಹೋಗಲಿ. ಈ ಸೋಮವಾರವೇ.